ಗೆದ್ದ ದಿನವೇ ಕೇಳಬೇಕಾದ ಪ್ರಶ್ನೆ

ರಟ್ಟೀಹಳ್ಳಿ ಕಡೆಯ ಕಾಲೇಜು ಹುಡುಗರು ವಾಲಿಬಾಲ್ ಆಡಿ ಸಂಜೆ ಮನೆಗೆ ಬಂದರೆ ತಂದೆತಾಯಂದಿರು ಕೇಳುವುದು ಒಂದೇ: "ಗೆದ್ರ್ಯಾ?" ಹೌದೆಂದರೆ ಮಾತು ಮುಗಿಯಿತು.

2023ರ ಸೆಪ್ಟೆಂಬರಿನಲ್ಲಿ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ಪುರುಷರು ದಕ್ಷಿಣ ಕೊರಿಯಾವನ್ನು 3-2ರಿಂದ ಸೋಲಿಸಿದರು: 25-27, 29-27, 25-22, 20-25, 17-15. ಕೂಡಿಸಿ ನೋಡಿ, ಎರಡೂ ತಂಡಗಳಿಗೆ 116! ಅಂಥ ಗೆಲುವಿಗೆ ಹೆಮ್ಮೆಪಡೋಣ. ಆದರೆ ಅದೇ ತಂಡ ಮುಂದೆ ಜಪಾನಿಗೂ ಪಾಕಿಸ್ತಾನಕ್ಕೂ 0-3ರಿಂದ ಸೋತು ಆರನೆಯದಾಯಿತು.

ಹಿಂದೆ ಸರ್ವಿಸ್ ಮಾಡಿದ ತಂಡಕ್ಕೆ ಮಾತ್ರ ಅಂಕ ಸಿಗುತ್ತಿತ್ತು. ಸರ್ವಿಸ್ ನೆಟ್ಟಿಗೆ ಬಡಿದರೆ ಸರದಿ ಹೋಗುತ್ತಿತ್ತು, ಅಂಕವಲ್ಲ. 1990ರ ದಶಕದ ಕೊನೆಗೆ ನಿಯಮ ಬದಲಾಯಿತು. ಈಗ ಪ್ರತಿ ತಪ್ಪಿಗೂ ಎದುರಾಳಿಗೆ ಒಂದು ಅಂಕ. ತಂಡ ಏರಿಳಿಯುವುದು ಹೆಚ್ಚಾಗಿ ಸರ್ವಿಸ್ ಎತ್ತುವಲ್ಲಿ. ಮೊದಲ ಚೆಂಡು ಕೆಟ್ಟರೆ ಸೆಟ್ಟರ್ ಓಡಾಡಬೇಕು. ಅಂಚಿಗೆ ಎತ್ತರದ ಚೆಂಡು ಕೊಡುವುದೊಂದೇ ದಾರಿ. ಅಲ್ಲಿ ಎದುರಾಳಿಯ ಬ್ಲಾಕ್ ಕಾದು ನಿಂತಿರುತ್ತದೆ. ಎದುರಾಳಿ ದುರ್ಬಲನಾದರೆ ಒಬ್ಬ ಎತ್ತರದ ಹುಡುಗನ ಹೊಡೆತವೇ ಇದನ್ನೆಲ್ಲ ಮುಚ್ಚಿಬಿಡುತ್ತದೆ. ತರಬೇತುದಾರರಿಗೂ ಕಾಣುವುದಿಲ್ಲ, ಏಕೆಂದರೆ ಕೈಯಲ್ಲಿ ಕಪ್ ಇರುತ್ತದೆ!

ಆದ್ದರಿಂದ ಪಾಲಕರೇ, ಗೆದ್ದ ರಾತ್ರಿ ಮಗ ಊಟಕ್ಕೆ ಕುಳಿತಾಗ, "ಎಷ್ಟು ಸರ್ವಿಸ್ ನೆಟ್ಟಿಗೆ ಹೊಡೆದ್ರಪ್ಪಾ?" ಎಂದು ಕೇಳಿ. ಮುಖ ಸಪ್ಪಗಾದೀತು. ಇನ್ನೊಂದು ರೊಟ್ಟಿ ಹಾಕಿ, ಉತ್ತರಕ್ಕೆ ಕಾಯಿರಿ.