ಮೆಣಸಿನ ಗಿಡ ಹಳದಿಯಾದ ಮೇಲೆ: ಮರದ ಹೊಟ್ಟಿನ ಒಂದು ಪಾಠ

ಎಂಟನೆಯ ತರಗತಿಯ ‘ಬೆಳೆ ಉತ್ಪಾದನೆ ಮತ್ತು ನಿರ್ವಹಣೆ’ ಘಟಕದಲ್ಲಿ ಗೊಬ್ಬರದ ಭಾಗ ನನ್ನ ಪಾಲಿಗೆ ಬಂದಿತ್ತು. ನಾನು ಇಂಟರ್ನ್‌ಶಿಪ್‌ಗೆ ಹೋಗಿದ್ದ ಪ್ರೌಢಶಾಲೆ ಚನ್ನಪಟ್ಟಣದ ಸಮೀಪದ್ದು. ಹಲವು ಮಕ್ಕಳ ಮನೆಯವರು ಬೊಂಬೆ ಕೆಲಸದವರು. ಹಾಲೆಮರದ ತುಂಡನ್ನು ಲೇತಿಗೆ ಕೊಟ್ಟು ಕಡೆಯುವಾಗ ಉದುರುವ ಬಿಳಿ ಹೊಟ್ಟು ಆ ಕೇರಿಗಳಲ್ಲಿ ಮೂಟೆಗಟ್ಟಲೆ ಸಿಗುತ್ತದೆ. ಬೋಧನೋಪಕರಣವನ್ನು ಮಗುವಿನ ಪರಿಸರದಿಂದಲೇ ಆರಿಸಿಕೊಳ್ಳಬೇಕೆಂದು ಕಲಿತಿದ್ದೆನಲ್ಲ, ಉತ್ಸಾಹದಲ್ಲಿ ಒಂದು ಚೀಲ ಹೊಟ್ಟನ್ನೇ ತರಗತಿಗೆ ಹೊತ್ತು ತಂದೆ.

‘ಇದನ್ನು ಮನೆಯಲ್ಲಿ ಏನು ಮಾಡುತ್ತೀರಿ?’ ಎಂಬ ಒಂದೇ ಪ್ರಶ್ನೆಗೆ ಕಪ್ಪುಹಲಗೆ ತುಂಬಿತು. ನೆಲಕ್ಕೆ ಎಣ್ಣೆ ಚೆಲ್ಲಿದರೆ ಮೇಲೆ ಉದುರಿಸಿ, ಹೀರಿದ ಮೇಲೆ ಗುಡಿಸುವುದು. ಕೋಳಿಗೂಡಿನಲ್ಲಿ ಹಾಸುವುದು. ನೀರು ಚಿಮುಕಿಸಿ ನೆಲದ ಮೇಲೆ ಚೆಲ್ಲಿ ಗುಡಿಸಿದರೆ ದೂಳು ಏಳುವುದಿಲ್ಲ ಎಂದಳು ಒಬ್ಬಳು. ಹೊಟ್ಟಿನ ಒಲೆಯನ್ನು ಒಬ್ಬ ಹುಡುಗ ನನಗಿಂತ ಚೆನ್ನಾಗಿ ವಿವರಿಸಿದ: ಡಬ್ಬದ ನಡುವೆ ಬಾಟಲಿ ನಿಲ್ಲಿಸಿ, ಕೆಳಗಿನ ಪಕ್ಕದ ತೂತಿನಿಂದ ಒಂದು ಕೋಲು ತೂರಿಸಿ, ಸುತ್ತಲೂ ಹೊಟ್ಟನ್ನು ಗಟ್ಟಿಯಾಗಿ ಗಿಡಿದು, ಎರಡನ್ನೂ ನಿಧಾನಕ್ಕೆ ಎಳೆದುಕೊಂಡು, ಕೆಳಗಿನ ತೂತಿನಲ್ಲಿ ಬೆಂಕಿ ಇಡಬೇಕು. ನಡುವೆ ಮತ್ತೆ ಸೌದೆ ತುಂಬದೆ ಗಂಟೆಗಟ್ಟಲೆ ಉರಿಯುತ್ತದೆ. ಐಸ್ ಮಾರುವವರು ಗಡ್ಡೆಯನ್ನು ಹೊಟ್ಟಿನಲ್ಲಿ ಮುಚ್ಚಿ ಇಡುವುದನ್ನೂ ಮಕ್ಕಳು ಕಂಡಿದ್ದರು. ಅದಕ್ಕೆ ನಾನು 1833ರ ಸಂಗತಿ ಸೇರಿಸಿದೆ. ಫ್ರೆಡರಿಕ್ ಟ್ಯೂಡರ್ ಎಂಬ ವ್ಯಾಪಾರಿ ಅಮೆರಿಕದ ಬಾಸ್ಟನ್ನಿನಿಂದ ಕಲ್ಕತ್ತೆಗೆ ಹಡಗಿನಲ್ಲಿ ಮಂಜುಗಡ್ಡೆ ಕಳಿಸಿದ. ನಾಲ್ಕು ತಿಂಗಳ ಪಯಣದಲ್ಲಿ ಅರ್ಧಕ್ಕಿಂತ ಹೆಚ್ಚು ಕರಗದೆ ತಲುಪಿತು. ಮಂಜುಗಡ್ಡೆಯ ವ್ಯಾಪಾರವೇ ಮರದ ಹೊಟ್ಟಿನ ಹೊದಿಕೆಯನ್ನು ನಂಬಿಕೊಂಡಿತ್ತು. ಹೊಟ್ಟಿನ ಸಂದುಗಳಲ್ಲಿ ಸಿಕ್ಕಿಕೊಂಡ ಗಾಳಿ ಶಾಖವನ್ನು ಸುಲಭವಾಗಿ ಒಳಗೆ ಬಿಡುವುದಿಲ್ಲ.

ಗೊಬ್ಬರದ ಪಾಠದಲ್ಲಿ ಉಷ್ಣವಹನ ಏಕೆ ಬಂತೆಂದು ಮಾರ್ಗದರ್ಶಕರು ಕೇಳಬಹುದಿತ್ತು. ಕೇಳಲಿಲ್ಲ. ವೀಕ್ಷಣಾ ಪುಸ್ತಕದಲ್ಲಿ ‘ಸ್ಥಳೀಯ ಸಂಪನ್ಮೂಲದ ಉತ್ತಮ ಬಳಕೆ’ ಎಂದು ಬರೆದರು. ಪಾಠಯೋಜನೆಯ ‘ಅನ್ವಯ’ದ ಕಾಲಂನಲ್ಲಿ ನಾನು ಬರೆದುಕೊಂಡಿದ್ದ ವಾಕ್ಯವನ್ನು ಇಬ್ಬರೂ ಗಮನಿಸಲಿಲ್ಲ: ‘ಮರದ ಹೊಟ್ಟು ಸಾವಯವ ವಸ್ತು, ಮಣ್ಣಿಗೆ ಬೆರೆಸಿದರೆ ಗೊಬ್ಬರವಾಗುತ್ತದೆ.’

ಮೂರು ವಾರದ ಮೇಲೆ, ಒಲೆಯ ವಿವರಣೆ ಕೊಟ್ಟ ಹುಡುಗನೇ ವರಾಂಡದಲ್ಲಿ ಬಂದು ನಿಂತ. “ಮಿಸ್, ನೀವು ಹೇಳಿದಂಗೇ ಹೊಟ್ಟು ಹಾಕಿ ಅಗೆದೆ. ಮೆಣಸಿನಕಾಯಿ ಗಿಡ ಎಲ್ಲಾ ಹಳದಿಗಾಗ್ಬುಟ್ವು. ಅಮ್ಮ ಬಯ್ತಾವ್ಳೆ.”

ಸಂಜೆ ಅವನ ಮನೆಗೆ ಹೋದೆ. ಹಿತ್ತಿಲಲ್ಲಿ ಹನ್ನೆರಡು ಗಿಡ. ಕೆಳಗಿನ ಎಲೆಗಳು ಮೊದಲು ಹಳದಿಯಾಗಿ ಉದುರಿದ್ದವು, ತುದಿಯ ಎಲೆಗಳು ಸಣ್ಣಗೆ ಬಿಳಿಚಿಕೊಂಡಿದ್ದವು. ಅವನ ತಾಯಿ ಅಕ್ಕಪಕ್ಕದ ಮನೆಗಳಿಗೆ ಮೆಣಸಿನಕಾಯಿ ಮಾರಿ ಒಂದಿಷ್ಟು ಕಾಸು ಮಾಡಿಕೊಳ್ಳುತ್ತಿದ್ದರು. “ನೀವೇನ್ ಮಾಡೀರಿ ಬಿಡಿ ಮಿಸ್ಸು, ಇವ್ನಿಗೆ ಸ್ಕೂಲಲ್ಲಿ ಹೇಳಿದ್ದೇ ವೇದ” ಎಂದರು. ಬೈದಿದ್ದರೆ ಇಷ್ಟು ನಾಟುತ್ತಿರಲಿಲ್ಲ.

ಆ ರಾತ್ರಿ ಓದಿ ತಿಳಿದುಕೊಂಡದ್ದು ಇದು. ಒಣ ಹೊಟ್ಟಿನ ತೂಕದಲ್ಲಿ ಸುಮಾರು ಅರ್ಧದಷ್ಟು ಇಂಗಾಲವಿದೆ. ಸಾರಜನಕ ತೀರಾ ಕಡಿಮೆ. ಇಂಗಾಲ 400 ಪಾಲು ಇದ್ದರೆ ಸಾರಜನಕ 1 ಪಾಲು, ಮರದಿಂದ ಮರಕ್ಕೆ ಈ ಲೆಕ್ಕ ಹೆಚ್ಚುಕಡಿಮೆಯಾಗುತ್ತದೆ. ಗೊಬ್ಬರ ಚೆನ್ನಾಗಿ ಕೊಳೆಯಬೇಕಾದರೆ 30ಕ್ಕೆ 1ರ ಆಸುಪಾಸು ಇರಬೇಕು. ಹೊಟ್ಟನ್ನು ಮಣ್ಣಿಗೆ ಬೆರೆಸಿದ ಕೂಡಲೇ ಸೂಕ್ಷ್ಮಜೀವಿಗಳು ಅದನ್ನು ತಿನ್ನಲು ಮುತ್ತುತ್ತವೆ. ತಮ್ಮ ಮೈ ಬೆಳೆಸಿಕೊಳ್ಳಲು ಬೇಕಾದ ಸಾರಜನಕ ಹೊಟ್ಟಿನಲ್ಲಿ ಸಾಲದ್ದರಿಂದ ಮಣ್ಣಿನಲ್ಲಿದ್ದದ್ದನ್ನೇ ಎಳೆದುಕೊಳ್ಳುತ್ತವೆ. ಗಿಡಕ್ಕೆ ಉಳಿಯುವುದಿಲ್ಲ. ತಿಂಗಳುಗಳು ಕಳೆದು ಹೊಟ್ಟು ಕೊಳೆತ ಮೇಲೆ ಅದು ಮಣ್ಣಿಗೆ ಮರಳುತ್ತದೆ. ಅಂದರೆ ನನ್ನ ವಾಕ್ಯ ಪೂರ್ತಿ ಸುಳ್ಳಲ್ಲ. ‘ಯಾವಾಗ’ ಮತ್ತು ‘ಯಾವುದರ ಜೊತೆ’ ಎಂಬ ಎರಡು ಮಾತು ಅದರಲ್ಲಿರಲಿಲ್ಲ.

ಮಾರ್ಗದರ್ಶಕರಿಗೆ ನಡೆದದ್ದನ್ನು ಒಪ್ಪಿಸಿದೆ. “ಮಕ್ಕಳಿಗೆ ಇದನ್ನು ಹೇಳ್ತೀರೋ, ತೋರಿಸ್ತೀರೋ?” ಎಂದು ಮಾತ್ರ ಕೇಳಿದರು.

ತೋರಿಸಲು ಹೊರಟು ಮೊದಲು ಎಡವಿದ್ದು ಹೆಸರುಕಾಳಿನಲ್ಲಿ. ಹೊಟ್ಟು ಬೆರೆಸಿದ ಕುಂಡ, ಬೆರೆಸದ ಕುಂಡ ಎರಡರಲ್ಲೂ ಹತ್ತು ದಿನಕ್ಕೆ ಒಂದೇ ಸಮ ಸಸಿ. ಬೀಜದಲ್ಲೇ ಕೂಡಿಟ್ಟ ಆಹಾರದ ಮೇಲೆ ಅವು ಬೆಳೆಯುತ್ತಿದ್ದವು. ಸಾಲದ್ದಕ್ಕೆ ಹೆಸರು ದ್ವಿದಳ, ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕವನ್ನೇ ಹಿಡಿಯಬಲ್ಲ ಜಾತಿ. ಈ ಪ್ರಯೋಗ ಮಾಡಬಯಸುವ ಪ್ರಶಿಕ್ಷಣಾರ್ಥಿಗಳು ದಂಟಿನ ಬೀಜ ತೆಗೆದುಕೊಳ್ಳಿ, ನಾಲ್ಕು ವಾರ ಇಟ್ಟುಕೊಳ್ಳಿ. ನಾವು ನಾಲ್ಕು ಕುಂಡ ಇಟ್ಟೆವು: ಬರೀ ಮಣ್ಣು, ಮೂರರಲ್ಲೊಂದು ಪಾಲು ಹೊಟ್ಟು ಬೆರೆಸಿದ ಮಣ್ಣು, ಅದೇ ಮಿಶ್ರಣಕ್ಕೆ ವಾರಕ್ಕೊಮ್ಮೆ ಹತ್ತು ಪಾಲು ನೀರು ಬೆರೆಸಿದ ಗಂಜಲ, ಕೊನೆಯದರಲ್ಲಿ ಹೊಟ್ಟನ್ನು ಬೆರೆಸದೆ, ಸಸಿ ಬಂದ ಮೇಲೆ ಒಂದು ಬೆರಳ ದಪ್ಪ ಮೇಲೆ ಹಾಸಿದ್ದು. ಎರಡನೆಯ ಕುಂಡದ ದಂಟು ಗೇಣುದ್ದವೂ ಬರಲಿಲ್ಲ. ಮೂರನೆಯದು ಮೊದಲನೆಯದಕ್ಕೆ ಸರಿಸಮ. ನಾಲ್ಕನೆಯದರ ಎಲೆ ಹಸಿರಾಗಿಯೇ ಇತ್ತು, ನೀರನ್ನೂ ಕಡಿಮೆ ಕೇಳಿತು. ಹೊಟ್ಟು ಮೇಲಿದ್ದಾಗ ಮಣ್ಣಿನ ಜೊತೆ ಕೊಳೆಯುವ ಕೆಲಸ ತೆಳುವಾದ ಒಂದು ಪದರದಲ್ಲಷ್ಟೇ ನಡೆಯುತ್ತದೆ, ಬೇರಿನ ಮಟ್ಟಕ್ಕೆ ಇಳಿಯುವುದಿಲ್ಲ.

ಲೆಕ್ಕದಲ್ಲಿ ಚುರುಕಾದ ಮಕ್ಕಳಿಗೆ ಇನ್ನೊಂದು ಕೆಲಸ ಕೊಟ್ಟೆ. ಒಂದು ಕಿಲೋ ಹೊಟ್ಟಿನಲ್ಲಿ 500 ಗ್ರಾಂ ಇಂಗಾಲ. 30ಕ್ಕೆ 1 ಆಗಬೇಕಾದರೆ 16 ಗ್ರಾಂಗಿಂತ ತುಸು ಹೆಚ್ಚು ಸಾರಜನಕ ಬೇಕು. ಹೊಟ್ಟಿನಲ್ಲಿರುವುದು ಒಂದು ಗ್ರಾಂ ಚಿಲ್ಲರೆ. ಉಳಿದದ್ದನ್ನು ಎಲ್ಲಿಂದ ತರುವುದು? ಸಗಣಿ, ಗಂಜಲ, ಹಸಿ ಸೊಪ್ಪು, ಅಡುಗೆಮನೆಯ ತರಕಾರಿ ಸಿಪ್ಪೆ ಎಂದು ಅವರೇ ಉತ್ತರ ಕಟ್ಟಿದರು. ಮನೆಯಲ್ಲಿ ಹೊಟ್ಟಿಗೆ ನಿಜವಾದ ಜಾಗ ಇಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ತೂತು ಕೊರೆದ ಬಕೆಟ್ಟಿನಲ್ಲಿ ಸಿಪ್ಪೆಯ ಪ್ರತಿ ಪದರದ ಮೇಲೆ ಎರಡು ಹಿಡಿ ಹೊಟ್ಟು ಉದುರಿಸಿ. ಅದು ಹೆಚ್ಚಿನ ನೀರನ್ನು ಹೀರಿ, ಗಾಳಿಗೆ ದಾರಿ ಬಿಡುವುದರಿಂದ ನಾತವೂ ನೊಣವೂ ತಗ್ಗುತ್ತವೆ. ಪೇಟೆಯಲ್ಲಿ ಇದಕ್ಕೇ ದುಡ್ಡು ಕೊಟ್ಟು ತೆಂಗಿನ ನಾರಿನ ಪುಡಿ ತರುತ್ತಾರೆ.

ಪಾಠಕ್ಕೆ ಮೊದಲು ಹೇಳಲೇಬೇಕಾದ ಎಚ್ಚರಿಕೆಗಳನ್ನು ನಾನು ಎರಡನೆಯ ಸಲ ಹೇಳಿದೆ. ಪ್ಲೈವುಡ್, ಎಂ.ಡಿ.ಎಫ್. ಹಲಗೆಗಳ ಪುಡಿಯಲ್ಲಿ ಅಂಟು ಸೇರಿರುತ್ತದೆ, ಗೆದ್ದಲ ಔಷಧಿ ಹೊಡೆದ ಅಥವಾ ಬಣ್ಣ ಬಳಿದ ಮರದ್ದೂ ಗಿಡಕ್ಕೆ, ಒಲೆಗೆ ಬೇಡ. ಸಣ್ಣ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಮೂಗಿಗೆ ಬಟ್ಟೆ ಕಟ್ಟಿಯೇ ಜರಡಿ ಹಿಡಿಯಬೇಕು. ಉರಿಯುವ ಒಲೆಗೆ ಮೇಲಿನಿಂದ ಹೊಟ್ಟು ಎರಚಬಾರದು, ಗಾಳಿಯಲ್ಲಿ ಹರಡಿದ ದೂಳು ಭಗ್ಗನೆ ಹತ್ತಿಕೊಳ್ಳುತ್ತದೆ.

ಅವನ ಹಿತ್ತಿಲಿಗೂ ಗಂಜಲದ ನೀರನ್ನೇ ಹೇಳಿದ್ದೆ. ಎರಡು ಗಿಡ ಹೋದವು. ಉಳಿದ ಹತ್ತು ಚಿಗುರಿ, ನಾನು ಶಾಲೆ ಬಿಡುವ ವಾರ ಹೂ ಬಿಟ್ಟಿದ್ದವು. ಬೀಳ್ಕೊಡುಗೆಯ ದಿನ ಅವನು ಕಾಗದದ ಪೊಟ್ಟಣದಲ್ಲಿ ನಾಲ್ಕು ಮೆಣಸಿನಕಾಯಿ ತಂದುಕೊಟ್ಟ. “ಅಮ್ಮ ಕೊಟ್ಲು ಮಿಸ್. ಇವು ನಮ್ಮವಲ್ಲ, ಅಂಗ್ಡೀವು. ನಮ್ಮವಿನ್ನೂ ಕಾಯಿ ಬಿಟ್ಟಿಲ್ಲ.”