ವ್ರತ ಹಿಡಿಯುವ ಮನಸ್ಸು, ಮುರಿಯುವ ಮನಸ್ಸು



ದಶಲಕ್ಷಣ ಪರ್ವದಲ್ಲಿ ಉತ್ತಮ ಸಂಯಮದ ದಿನ ತಂಬಾಕು ತ್ಯಜಿಸುವ ನಿಯಮ ಹಿಡಿದವರು ದೀಪಾವಳಿಯೊಳಗೆ ಮತ್ತೆ ಗುಟ್ಕಾ ಅಗಿಯುವುದುಂಟು. ಅವರ ಶ್ರದ್ಧೆ ಸುಳ್ಳಲ್ಲ. ನಿಯಮ ಹಿಡಿದಾಗ ಮನಸ್ಸು ಶಾಂತವಾಗಿತ್ತು. ಮುರಿದಾಗ ಕ್ರೋಧವೋ ಶೋಕವೋ ತುಂಬಿತ್ತು.

ತಂಬಾಕಿನ ನಿಕೋಟಿನ್ ಉತ್ತೇಜಕ ವಸ್ತು. ಅದು ಮಿದುಳಿನಲ್ಲಿ ಡೋಪಮೈನ್ ಸ್ರವಿಸುವಂತೆ ಮಾಡಿ, ಮತ್ತೆ ಬೇಕೆಂಬ ತೃಷ್ಣೆಯನ್ನು ಬೇರೂರಿಸುತ್ತದೆ. ಮನಸ್ಸಿನ ಉದ್ವೇಗವು ಆ ತೃಷ್ಣೆಯನ್ನು ಕೆರಳಿಸುತ್ತದೆ. ಅದೇ ಹೊತ್ತಿಗೆ ಹಿತಾಹಿತಗಳ ವಿವೇಕವನ್ನು ಕುಗ್ಗಿಸುತ್ತದೆ. ಕಷಾಯಗಳಿಂದ ಬಂಧವೆಂಬ ಶಾಸ್ತ್ರವಿಚಾರಕ್ಕೆ ಇದೊಂದು ಪ್ರತ್ಯಕ್ಷ ದೃಷ್ಟಾಂತ.

ಆದರೆ ತೃಷ್ಣೆಯ ಅಲೆ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ. ಸಾಮಾಯಿಕದ ಅವಧಿ ಎರಡು ಘಳಿಗೆ, ಅಂದರೆ 48 ನಿಮಿಷ. ಅಷ್ಟು ಹೊತ್ತು ಸಮಭಾವದಿಂದ ಕುಳಿತವನು ಇಂಥ ಹಲವು ಅಲೆಗಳನ್ನು ದಾಟಬಲ್ಲನು.

ಮನೆಯವರಲ್ಲಿ ಒಂದು ವಿನಂತಿ. ನಿಯಮ ತಪ್ಪಿದವನನ್ನು ಹತ್ತು ಜನರೆದುರು ಜರೆದರೆ ಆ ಅವಮಾನವೇ ಮುಂದಿನ ಚೀಟಿಗೆ ನಿಮಿತ್ತವಾದೀತು. ಪ್ರತಿಕ್ರಮಣ ಮಾಡಿ ಮರುದಿನವೇ ಪುನಃ ನಿಯಮ ಹಿಡಿಯಲು ಅವನಿಗೆ ಆಸರೆಯಾಗಿರಿ. ವೈದ್ಯರ ಸಲಹೆ ಪಡೆಯಲು ಸಂಕೋಚ ಬೇಡ. ಕೇಂದ್ರ ಸರ್ಕಾರದ ತಂಬಾಕು ತ್ಯಾಗ ಸಹಾಯವಾಣಿ 1800-112-356 ಉಚಿತವಾಗಿದೆ.

ಜೈ ಜಿನೇಂದ್ರ.