ಹೊಸ ಸಂಗಾತಿಯನ್ನು ಕೆನಡಾಕ್ಕೆ ಕರೆಸುವ ಮುನ್ನ

ಮೊದಲ ಮದುವೆ ಮುರಿದ ಮೇಲೂ ಮತ್ತೆ ಸಂಸಾರ ಹೂಡುವ ಧೈರ್ಯ ಮಾಡಿದ್ದೀರಿ, ಒಳ್ಳೆಯದಾಗಲಿ. ಆದರೆ ಹೊಸ ಸಂಗಾತಿಯ ಕಾಯಂ ನಿವಾಸಕ್ಕೆ, ಅಂದರೆ ಪಿಆರ್‌ಗೆ ಪ್ರಾಯೋಜಕರಾಗಿ ಅರ್ಜಿ ಹಾಕುವ ಮೊದಲು ಹಳೆಯ ತಾರೀಖುಗಳನ್ನು ನೋಡಿಕೊಳ್ಳಿ. ಹಿಂದಿನ ಗಂಡ ಅಥವಾ ಹೆಂಡತಿಯ ಪ್ರಾಯೋಜನೆಯಿಂದಲೇ ನೀವು ಕೆನಡಾದ ಪಿಆರ್ ಪಡೆದಿದ್ದರೆ, ಅದು ಸಿಕ್ಕಿ 5 ವರ್ಷ ತುಂಬಿರಬೇಕು. ನಡುವೆ ಪೌರತ್ವ ಬಂದರೂ ಈ ಕಾಯುವಿಕೆ ತಪ್ಪದು. ನೀವೇ ಅವರನ್ನು ಕರೆಸಿಕೊಂಡಿದ್ದರೆ, ಅವರು ಪಿಆರ್ ಆದ ದಿನದಿಂದ 3 ವರ್ಷ, ಅವರ ಖರ್ಚುವೆಚ್ಚ ನೋಡಿಕೊಳ್ಳುವುದಾಗಿ ನೀವು ಕೊಟ್ಟ ಮುಚ್ಚಳಿಕೆ ಊರ್ಜಿತ. ಅಲ್ಲಿಯವರೆಗೆ ಇನ್ನೊಬ್ಬರನ್ನು ಕರೆಸುವಂತಿಲ್ಲ. ವಿಚ್ಛೇದನವಾದರೂ ಆ ಮುಚ್ಚಳಿಕೆ ರದ್ದಾಗುವುದಿಲ್ಲ. ಆ ಅವಧಿಯಲ್ಲಿ ಅವರು ಸರ್ಕಾರದ ಸಾಮಾಜಿಕ ನೆರವು ಪಡೆದರೆ, ಆ ಹಣ ತೀರಿಸಬೇಕಾದವರೂ ನೀವೇ.

ಊರಲ್ಲಿ ಹಿರಿಯರ ಮುಂದೆ ಛಾಪಾಕಾಗದದ ಮೇಲೆ ಬರೆಸಿಕೊಂಡ ಬಿಡುಗಡೆ ಪತ್ರವನ್ನೇ ನಂಬಿ ಮರುಮದುವೆಯಾಗುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟ. ನ್ಯಾಯಾಲಯದ ಡಿಕ್ರಿಯನ್ನೇ ಪಡೆಯಿರಿ. ಹಿಂದೂ ವಿವಾಹ ಕಾಯ್ದೆಯಡಿ ತಕರಾರಿನ ವಿಚ್ಛೇದನವಾಗಿದ್ದರೆ ಮೇಲ್ಮನವಿಯ 90 ದಿನವೂ ಕಳೆಯಲಿ, ಆಮೇಲೆ ಮುಹೂರ್ತ ನೋಡಿ.

ಇನ್ನೊಂದು ಮಾತು. ಹೊಸ ಸಂಗಾತಿಗೆ ಮೊದಲ ಮದುವೆಯ ಮಕ್ಕಳಿದ್ದು, ಅವರು ಸದ್ಯ ಭಾರತದಲ್ಲೇ ಉಳಿಯುವವರಾದರೂ ಅರ್ಜಿಯಲ್ಲಿ ಅವರ ಹೆಸರು ತಪ್ಪದೆ ಬರೆಯಿರಿ. ಈಗ ಮುಚ್ಚಿಟ್ಟರೆ ಮುಂದೆ ಆ ಮಕ್ಕಳನ್ನು ಕರೆಸಿಕೊಳ್ಳುವ ದಾರಿಯೇ ಮುಚ್ಚಿಹೋಗಬಹುದು.